ಬಂದರಿಗೆ ಬಣ್ಣ ಬಳಿಯುವ ಮೊದಲು: ಮಂಗಳೂರಿನ ನದಿತೀರಕ್ಕೆ ನಕ್ಷೆ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ನಾನು ಮಂಗಳೂರಿನ ಹಳೇ ಬಂದರಿನ ಒಂದು ಅಕ್ಕಿ ಮಂಡಿಯಲ್ಲಿ 32 ವರ್ಷ ಲೆಕ್ಕ ಬರೆದವನು. ಈಗ ನಿವೃತ್ತ ಎಂದು ಹೇಳಿಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ ಮಂಡಿ ಮುಚ್ಚಿತು, ನಾನು ಮನೆಗೆ ಬಂದೆ, ಅಷ್ಟೆ. ಬೆಳಿಗ್ಗೆ ವಾಕಿಂಗ್ ಹೋಗಿ ಎಂದು ವೈದ್ಯರು ಹೇಳಿದ್ದಾರೆ. ಊರಲ್ಲಿ ಅದಕ್ಕೆ ಬೇಕಾದಷ್ಟು ಜಾಗಗಳಿವೆ. ನನ್ನ ಕಾಲು ಮಾತ್ರ ಧಕ್ಕೆಯ, ಅಂದರೆ ದೋಣಿ ನಿಲ್ಲುವ ಕಟ್ಟೆಯ, ಕಡೆಗೇ ಹೋಗುತ್ತದೆ.

ಹೋದ ವರ್ಷ ಹಾಗೆ ಹೋದಾಗ ನಾನು ಕೂತು ಲೆಕ್ಕ ಬರೆದ ಗೋದಾಮನ್ನು ಜೆಸಿಬಿ ಕೆಡವುತ್ತಿತ್ತು. ಯಾರದು, ಯಾಕೆ ಎಂದು ಹೇಳಿ ಯಾರ ಮೇಲೂ ದೂರು ಹಾಕುವುದಿಲ್ಲ. ಅವರ ಆಸ್ತಿ, ಅವರ ಇಷ್ಟ. ಆದರೆ ಮಾಡಿನ ಹೆಂಚನ್ನು ಇಳಿಸುವ ವ್ಯವಧಾನವೂ ಇರಲಿಲ್ಲ. ಗೋಡೆಯೊಂದಿಗೆ ಮಾಡೂ ಬಿತ್ತು. ಪಕ್ಕಾಸು, ರೀಪು, ಹೆಂಚು ಎಲ್ಲ ಒಂದೇ ರಾಶಿ. ಆ ರಾಶಿಯಿಂದ ಒಡೆಯದ ಒಂದು ಹೆಂಚನ್ನು ಎತ್ತಿಕೊಂಡು ಬಂದೆ. ಮನೆಯವಳು ಕೇಳಿದಳು, "ಇದೆಂತಕ್ಕೆ ಈಗ?" ಉತ್ತರ ಹೊಳೆಯಲಿಲ್ಲ. ಈ ಪತ್ರ ಒಂದು ರೀತಿಯಲ್ಲಿ ಅವಳಿಗೆ ಕೊಡಬೇಕಿದ್ದ ಉತ್ತರ. ನಿಮ್ಮ ವಿಳಾಸಕ್ಕೆ ಬರೆಯುತ್ತಿದ್ದೇನೆ, ಯಾಕೆಂದರೆ ನದಿತೀರವನ್ನು ಚಂದ ಮಾಡುವ ಚಿತ್ರಗಳನ್ನು ನಾನೂ ನೋಡಿದ್ದೇನೆ. ನಡೆಯುವ ದಾರಿ, ದೀಪದ ಕಂಬ, ಕೂರುವ ಬೆಂಚು, ಸಾಲು ಗಿಡ, ಕೈ ಹಿಡಿದು ಹೋಗುವ ಗಂಡಹೆಂಡತಿ, ಎಲ್ಲ ಇತ್ತು. ನೀರೂ ಇತ್ತು, ನೀಲಿಯಾಗಿ. ದೋಣಿ ಮಾತ್ರ ಇರಲಿಲ್ಲ.

ಬಂದರಿನ ನೀರು ನೀಲಿ ಇರುವುದಿಲ್ಲ ಎಂಬುದು ಬೇರೆ ವಿಷಯ. ಮಳೆಗಾಲದಲ್ಲಿ ಕೆಂಪು, ಬೇಸಿಗೆಯಲ್ಲಿ ಡೀಸೆಲ್ ಬಣ್ಣ.

ಈ ಊರು ಹುಟ್ಟಿದ್ದು ಹೇಗೆ ಎಂಬುದು ಅದರ ಹೆಸರಿನಲ್ಲೇ ಇದೆ. ತುಳುವಿನಲ್ಲಿ ಕುಡ್ಲ, ಅಂದರೆ ನದಿಗಳು ಕೂಡುವ ಜಾಗ. ಪೂರ್ವದಿಂದ ನೇತ್ರಾವತಿ, ಉತ್ತರದಿಂದ ಗುರುಪುರ ಹೊಳೆ. ಇಳಿದು ಬಂದ ಗುರುಪುರ ಹೊಳೆ ನೇರ ಸಮುದ್ರಕ್ಕೆ ಬೀಳದೆ, ಬೆಂಗ್ರೆಯ ಮರಳ ಪಟ್ಟಿಯ ಒಳಗೇ ದಕ್ಷಿಣಕ್ಕೆ ಹರಿದು ನೇತ್ರಾವತಿಯನ್ನು ಸೇರಿ ಅಳಿವೆ ಬಾಗಿಲಲ್ಲಿ ಹೊರಬೀಳುತ್ತದೆ. ಆ ಮರಳ ಪಟ್ಟಿಯೇ ನಮ್ಮ ಬಂದರಿಗೆ ಗೋಡೆ. ಹೊರಗೆ ಕಡಲು ಎಷ್ಟು ಕುಣಿದರೂ ಒಳಗೆ ದೋಣಿಗಳು ತೊಟ್ಟಿಲಲ್ಲಿದ್ದಂತೆ ಇರುತ್ತವೆ. ಕೊಂಕಣಿಯವರು ಇದೇ ಊರನ್ನು ಕೊಡಿಯಾಲ ಎಂದರು, ಬ್ಯಾರಿ ಮುಸ್ಲಿಮರು ಮೈಕಾಲ ಎಂದರು, ಕನ್ನಡದವರು ಮಂಗಳೂರು ಎಂದರು. ಅರಬ್ಬರ ನಾಲಗೆಯಲ್ಲಿ ಮಂಜರೂರ್ ಆಯಿತು. ಒಂದು ಊರಿಗೆ ಇಷ್ಟು ಹೆಸರಿದೆ ಎಂದರೆ ಅಲ್ಲಿಗೆ ಎಷ್ಟು ಕಡೆಯಿಂದ ಜನ ಬಂದಿದ್ದಾರೆ ನೋಡಿ. 2014ರ ನವೆಂಬರ್ 1ರಂದು ಸರ್ಕಾರ ಇಂಗ್ಲಿಷಿನಲ್ಲೂ ಮಂಗಳೂರು ಎಂದೇ ಬರೆಯುವಂತೆ ಮಾಡಿತು. ಒಳ್ಳೆಯದೇ. ಬಸ್ಸಿನ ಕಂಡಕ್ಟರ್ ಮಾತ್ರ ಇವತ್ತಿಗೂ "ಕುಡ್ಲ, ಕುಡ್ಲ" ಎಂದೇ ಕೂಗುತ್ತಾನೆ.

ಪರಂಪರೆ ಎಂದ ಕೂಡಲೇ ನಿಮ್ಮ ಕಣ್ಣು ಸುಲ್ತಾನ್ ಬತ್ತೇರಿಗೆ ಹೋಗುತ್ತದೆ. ಕಪ್ಪು ಕಲ್ಲಿನ ಬುರುಜು. 1784ರಲ್ಲಿ ಟಿಪ್ಪು ಕಟ್ಟಿಸಿದ್ದು, ಶತ್ರುಗಳ ಹಡಗು ಗುರುಪುರ ಹೊಳೆಗೆ ನುಗ್ಗದಂತೆ. ಅದೇ ವರ್ಷ ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಗಿ ಎರಡನೇ ಮೈಸೂರು ಯುದ್ಧ ಮುಗಿಯಿತು. ಶಾಲೆಯಲ್ಲಿ ಓದಿದ್ದೇವೆ. 1568ರಲ್ಲಿ ಪೋರ್ಚುಗೀಸರು ಊರನ್ನು ಹಿಡಿದದ್ದು, ಉಳ್ಳಾಲದ ಅಬ್ಬಕ್ಕ ಅವರಿಗೆ ಮಣಿಯದೆ ನಿಂತದ್ದು, 1763ರಲ್ಲಿ ಹೈದರ್ ಅಲಿ ಬಂದು ಇಲ್ಲಿ ಹಡಗು ಕಟ್ಟಿಸಿದ್ದು, 1799ರಲ್ಲಿ ಇಂಗ್ಲಿಷರ ಪಾಲಾದದ್ದು, 1837ರಲ್ಲಿ ಸುಳ್ಯದ ಕಡೆಯ ರೈತರು ದಂಡು ಕಟ್ಟಿಕೊಂಡು ಬಂದು ಊರನ್ನು 13 ದಿನ ಆಳಿದ್ದು, ಇದಕ್ಕೆಲ್ಲ ಫಲಕ, ಪ್ರತಿಮೆ, ಭಾಷಣ ಇವೆ. ಇರಲಿ. ಆದರೆ ಇವರೆಲ್ಲ ಇಷ್ಟು ಹೊಡೆದಾಡಿದ್ದು ಯಾವುದಕ್ಕೆ? ಅಕ್ಕಿಗೆ, ಕರಿಮೆಣಸಿಗೆ, ಶುಂಠಿಗೆ, ಏಲಕ್ಕಿಗೆ. ಘಟ್ಟ ಇಳಿದು ಬರುತ್ತಿದ್ದ ಮಾಲಿಗೆ. ಆ ಮಾಲು ಇಳಿಸಿದ, ತೂಗಿದ, ಹೊತ್ತ, ಲೆಕ್ಕ ಬರೆದ ಜಾಗಕ್ಕೆ ಒಂದು ಫಲಕವೂ ಇಲ್ಲ.

ಲೆಕ್ಕ ಬರೆದವನಾದ್ದರಿಂದ ನನಗೆ ಪ್ರಿಯನಾದವನು ರಾಜನಲ್ಲ, ಒಬ್ಬ ವ್ಯಾಪಾರಿ. ಹೆಸರು ಅಬ್ರಹಾಂ ಬೆನ್ ಯಿಜು. ಈಗಿನ ಟ್ಯುನೀಷಿಯಾದ ಮಹ್ದಿಯಾದಲ್ಲಿ ಹುಟ್ಟಿದ ಯೆಹೂದಿ. 1132ರ ಹೊತ್ತಿಗಾಗಲೇ ಮಂಗಳೂರಲ್ಲಿದ್ದ. 1149ರಲ್ಲಿ ಏಡನ್ನಿಗೆ ಮರಳುವವರೆಗೆ ಹೆಚ್ಚುಕಡಿಮೆ ಇಲ್ಲಿಯೇ ಇದ್ದ. ಅವನ ಕಾಗದಪತ್ರಗಳು ಕೈರೋದ ಒಂದು ಸಿನಗಾಗಿನ ಉಗ್ರಾಣದಲ್ಲಿ ನೂರಾರು ವರ್ಷ ಬಿದ್ದಿದ್ದು, 19ನೇ ಶತಮಾನದ ಕೊನೆಗೆ ಹೊರಬಂದವು. ಅದರಲ್ಲಿ ನಮ್ಮ ಊರು ಇದೆ ಸ್ವಾಮಿ, 900 ವರ್ಷ ಹಿಂದಿನ ಬಂದರು, ಉದ್ರಿ ಬಾಕಿ ಸಮೇತ!

ಅವನದು ಇಲ್ಲಿ ಹಿತ್ತಾಳೆ, ಕಂಚಿನ ಕಾರ್ಖಾನೆ. ಏಡನ್ನಿನ ಗೆಳೆಯರು ಒಡೆದ ಪಾತ್ರೆ, ಹಳೇ ತಾಮ್ರ ಕಳಿಸಿ, ಇಂಥ ಅಳತೆಯ ದೀಪ, ಇಂಥ ಬೋಗುಣಿ ಮಾಡಿಸಿ ಕಳಿಸು ಎಂದು ಬರೆಯುತ್ತಿದ್ದರು. ಅಷ್ಟು ದೂರದಿಂದ ಹಳೇ ಪಾತ್ರೆ ಇಲ್ಲಿಗೆ ಬರಬೇಕಾದರೆ ಇಲ್ಲಿಯ ಕಂಚುಗಾರರ ಕೈ ಎಂಥದ್ದಿರಬೇಕು. ಅನುಮಾನ ಇದ್ದವರು ಕದ್ರಿ ದೇವಸ್ಥಾನಕ್ಕೆ ಹೋಗಿ ಲೋಕೇಶ್ವರನ ಕಂಚಿನ ಮೂರ್ತಿಯನ್ನು ನೋಡಲಿ. ಆಳುಪ ಅರಸ ಕುಂದವರ್ಮ ಅದನ್ನು ಪ್ರತಿಷ್ಠೆ ಮಾಡಿಸಿದ್ದು 968ರಲ್ಲಿ, ಬೆನ್ ಯಿಜು ಬರುವುದಕ್ಕಿಂತ 150 ವರ್ಷಕ್ಕೂ ಹೆಚ್ಚು ಮೊದಲು.

ಗೆಳೆಯರು ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಕಾಗದ ಕಳಿಸುತ್ತಿದ್ದರು. ಬರೆಯುವ ಕಾಗದ ಇಲ್ಲಿ ಸಿಗುತ್ತಿರಲಿಲ್ಲವಲ್ಲ, ನಮ್ಮದು ಓಲೆಗರಿ. ಈ ಪತ್ರಗಳಲ್ಲಿ ನನಗೆ ನಗು ಬರಿಸಿದ್ದು ಒಂದು ಏಲಕ್ಕಿ ತಕರಾರು. ಇಲ್ಲಿಯ ಕಾರ್ದಾರನೊಬ್ಬ ಏಲಕ್ಕಿಗೆಂದು ಮುಂಗಡ ಹಣ ಪಡೆದು ಮಾಲು ಕೊಡಲೇ ಇಲ್ಲ. ಅವನನ್ನು ಹೆದರಿಸು, ಮಾತು ತಪ್ಪಿದವನನ್ನು ಏಡನ್ನಿನಲ್ಲಿ ನಾವು ಬಹಿಷ್ಕಾರ ಹಾಕುತ್ತೇವೆ ಎಂದು ಹೇಳು ಎಂದು ಅಲ್ಲಿಂದ ಸಲಹೆ ಬರುತ್ತದೆ. ನನ್ನ 32 ವರ್ಷದ ಖಾತೆ ಪುಸ್ತಕಗಳಲ್ಲಿ ಇಂಥ ಕಾರ್ದಾರರು ಒಂದಿಪ್ಪತ್ತು ಮಂದಿ ಸಿಗುತ್ತಾರೆ. ನಮ್ಮ ಧಣಿಗಳೂ ಹಾಗೇ ಹೆದರಿಸುತ್ತಿದ್ದರು: "ಬಂದರಿನಲ್ಲಿ ನಿನ್ನ ಹೆಸರು ಹಾಳು ಮಾಡ್ತೇನೆ." ಪೊಲೀಸ್ ಠಾಣೆ, ಕೋರ್ಟು ಆಮೇಲಿನ ಮಾತು. ಬಂದರಿನಲ್ಲಿ ಹೆಸರು ಕೆಟ್ಟರೆ ಆ ಮನುಷ್ಯನಿಗೆ ಮರುದಿನ ಒಂದು ಗೋಣಿ ಈರುಳ್ಳಿಯೂ ಉದ್ರಿ ಹುಟ್ಟುತ್ತಿರಲಿಲ್ಲ.

ಆ ಯೆಹೂದಿ ಇಲ್ಲಿಯೇ ಅಶು ಎಂಬ ಹೆಣ್ಣನ್ನು ಕೊಂಡು, ದಾಸ್ಯದಿಂದ ಬಿಡುಗಡೆಯ ಪತ್ರ ಬರೆದುಕೊಟ್ಟ. ಆ ಪತ್ರಕ್ಕೆ ಮಂಗಳೂರಿನ ಹೆಸರೂ 1132ರ ಅಕ್ಟೋಬರ್ 17ರ ತಾರೀಕೂ ಇವೆ. ಅವನ ಮಕ್ಕಳ ತಾಯಿ ಅವಳೇ ಎಂದು ತಿಳಿದವರು ಹೇಳುತ್ತಾರೆ. ಬಮ್ಮ ಎಂಬ ಆಳೊಬ್ಬ ಅವನ ಪರವಾಗಿ ಏಡನ್ನಿಗೆ ಹೋಗಿ ವ್ಯವಹಾರ ಮಾಡಿ ಬರುತ್ತಿದ್ದ. ಏಡನ್ನಿನ ದೊಡ್ಡ ವರ್ತಕರು ತಮ್ಮ ಪತ್ರದಲ್ಲಿ ಅವನಿಗೂ ಸಲಾಂ ಹೇಳುತ್ತಾರೆ. ರಾಜರ ಶಾಸನಗಳಲ್ಲಿ ಇಂಥವರ ಹೆಸರು ಸಿಗುವುದಿಲ್ಲ. ಸಿಗುವುದು ಲೆಕ್ಕದ ಚೀಟಿಗಳಲ್ಲಿ.

ಹಾಗಂತ ಹಿಂದಿನ ಕಾಲ ಹಾಲುಜೇನು ಎಂದು ನಾನು ಹೇಳುವುದಿಲ್ಲ. 1342ರ ಸುಮಾರಿಗೆ ಬಂದ ಇಬ್ನ್ ಬತೂತ ಇಲ್ಲಿ 4,000 ಮುಸ್ಲಿಮರಿದ್ದಾರೆ, ಪರ್ಷಿಯಾ ಮತ್ತು ಯೆಮನ್ನಿನ ವರ್ತಕರು ಬಂದಿಳಿಯುತ್ತಾರೆ ಎಂದು ಬರೆದ. ಅದರ ಬೆನ್ನಿಗೇ, ಅವರಿಗೂ ಊರಿನವರಿಗೂ ಆಗಾಗ ಜಗಳವಾಗುತ್ತದೆ, ವರ್ತಕರಿಲ್ಲದೆ ನಡೆಯುವುದಿಲ್ಲವಾದ್ದರಿಂದ ಅರಸ ನಡುವೆ ಬಂದು ರಾಜಿ ಮಾಡಿಸುತ್ತಾನೆ ಎಂದೂ ಬರೆದ. ಮೊದಲ ವಾಕ್ಯವನ್ನು ಭಾಷಣಕಾರರೆಲ್ಲ ಹೇಳುತ್ತಾರೆ, ಎರಡನೆಯದನ್ನು ನುಂಗುತ್ತಾರೆ. ನನಗೆ ಎರಡನೆಯದೇ ಹೆಚ್ಚು ನಿಜವಾಗಿ ಕಾಣುತ್ತದೆ. ಈ ಊರು ಜಗಳವಾಡಿದೆ, ಈಗಲೂ ಆಡುತ್ತದೆ, ಕರ್ಫ್ಯೂವನ್ನೂ ಕಂಡಿದೆ. ಕರ್ಫ್ಯೂ ಸಡಿಲಿಸಿದ ಮೊದಲ ಎರಡು ಗಂಟೆಯಲ್ಲಿ ಬಂದರಿನ ಬಾಗಿಲುಗಳು ತೆರೆಯುತ್ತಿದ್ದ ಸದ್ದನ್ನು ನಾನು ಕೇಳಿದ್ದೇನೆ. ಪ್ರೀತಿ ಉಕ್ಕಿ ತೆರೆಯುತ್ತಿದ್ದದ್ದಲ್ಲ. ಬ್ಯಾರಿಯ ಒಣಮೀನು ಕೊಂಕಣಿಯ ಗೋದಾಮಿನಲ್ಲಿ, ಕೊಂಕಣಿಯ ದುಡ್ಡು ಕಚ್ಛಿ ಸೇಠರ ಹತ್ತಿರ, ಸೇಠರ ಸರಕು ಮೊಗವೀರರ ದೋಣಿಯಲ್ಲಿ. ಬಾಗಿಲು ತೆರೆಯದೆ ಯಾರಿಗೂ ಗತಿಯಿರಲಿಲ್ಲ.

ಕಡಲಿನ ಜನ ಇದನ್ನು ದೈವದಲ್ಲೂ ಇಟ್ಟುಕೊಂಡಿದ್ದಾರೆ. ಮೀನುಗಾರ ಮೊಗವೀರರು ನಂಬುವ ಬೊಬ್ಬರ್ಯನ ಪಾಡ್ದನ, ಅಂದರೆ ತುಳುವಿನ ಕಥೆಯ ಹಾಡು, ಕೇಳಿ. ಅವನ ತಂದೆ ಕಡಲ ವ್ಯಾಪಾರದ ಬ್ಯಾರಿ. ಮುಲ್ಕಿಯ ಬಪ್ಪನಾಡು ದೇವಸ್ಥಾನ ಕಟ್ಟಿಸಿದವನು ಬಪ್ಪ ಬ್ಯಾರಿ ಎಂದು ಐತಿಹ್ಯ. ಬಂದರಿನ ಜೀನತ್ ಬಕ್ಷ್ ಮಸೀದಿ 644ರದ್ದು ಎಂದು ನಂಬಿಕೆ. ತಾರೀಕಿನ ಚರ್ಚೆ ಪಂಡಿತರು ಮಾಡಲಿ, ಒಳಗಿನ ಮರದ ಕೆತ್ತನೆಯನ್ನು ಒಮ್ಮೆ ನೋಡಿ ಬಂದರೆ ನಮ್ಮ ಕಡೆಯ ದೇವಸ್ಥಾನದ ಆಚಾರಿಗಳ ಉಳಿ ನೆನಪಾಗುತ್ತದೆ.

ಇನ್ನು ನನ್ನ ಹೆಂಚಿಗೆ ಬರುತ್ತೇನೆ.

1834ರ ಅಕ್ಟೋಬರಿನಲ್ಲಿ ಬಾಸೆಲ್ ಮಿಶನ್ನಿನ ಮೂವರು ಇಲ್ಲಿ ಬಂದಿಳಿದರು. ಬಂದದ್ದು ಧರ್ಮಪ್ರಚಾರಕ್ಕೆ. ಮತ ಬದಲಿಸಿದವರಿಗೆ ಜಾತಿ ಹೋಯಿತು, ಜಾತಿಯೊಂದಿಗೆ ಕಸುಬೂ ಹೋಯಿತು. ಅವರಿಗೆ ಅನ್ನದ ದಾರಿ ಬೇಕಲ್ಲ? ಹಾಗೆ ಅಚ್ಚುಕೂಟ, ನೇಯ್ಗೆ, ಕೊನೆಗೆ ಹೆಂಚಿನ ಕಾರ್ಖಾನೆ ಬಂದವು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಇಲ್ಲಿಂದ ಹೊರಡಿಸಿದ ‘ಮಂಗಳೂರ ಸಮಾಚಾರ’ವೇ ಕನ್ನಡದ ಮೊದಲ ಪತ್ರಿಕೆ, ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲಿಯೇ. ಮೈಸೂರು, ಧಾರವಾಡದವರು ನಮ್ಮ ಕನ್ನಡ ಕೇಳಿ "ಪುಸ್ತಕದ ಹಾಗೆ ಮಾತಾಡ್ತೀರಿ" ಎಂದು ನಗುತ್ತಾರೆ. ಪುಸ್ತಕ ಅಚ್ಚಾದದ್ದೇ ನಮ್ಮಲ್ಲಿ ಮಾರಾಯ್ರೆ, ಮತ್ತೆ ಹೇಗೆ ಮಾತಾಡಬೇಕು?

ಹೆಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ, ನೇತ್ರಾವತಿಯ ದಡದಲ್ಲಿ. ಜಾಗ ಆಯ್ದದ್ದು ಸುಮ್ಮನೆ ಅಲ್ಲ. ಮಣ್ಣು ನದಿಯದ್ದು, ಸುಡುವ ಕಟ್ಟಿಗೆ ಘಟ್ಟದ ಬುಡದಿಂದ ಬರುತ್ತಿತ್ತು, ಸುಟ್ಟ ಹೆಂಚನ್ನು ದೋಣಿಗೆ ಹಾಕಿದರೆ ಸೀದಾ ಬಂದರು. ಮೂರು ವರ್ಷದಲ್ಲಿ ಪಾಣೆಮಂಗಳೂರಲ್ಲಿ ಪಾಸ್ಕಲ್ ಆಲ್ಬುಕರ್ಕ್ ತಮ್ಮದೇ ಕಾರ್ಖಾನೆ ಹಾಕಿದರು. ಆಮೇಲೆ ಎರಡೂ ಹೊಳೆಗಳ ದಡದಲ್ಲಿ ಚಿಮಿಣಿಯೋ ಚಿಮಿಣಿ. ಮಂಗಳೂರು ಹೆಂಚು ಬರ್ಮಾಕ್ಕೆ ಹೋಯಿತು, ಪೂರ್ವ ಆಫ್ರಿಕಾಕ್ಕೆ ಹೋಯಿತು, ಆಸ್ಟ್ರೇಲಿಯಾಕ್ಕೂ ಹೋಯಿತು.

ನಾನು ತಂದ ಹೆಂಚಿನ ಬೆನ್ನು ತಿರುಗಿಸಿದರೆ ಉಬ್ಬಕ್ಷರದಲ್ಲಿ ಕಾರ್ಖಾನೆಯ ಹೆಸರು, ಊರಿನ ಹೆಸರು. ಅಂಚಿನಲ್ಲಿ ಒಂದು ಬದಿ ತೋಡು, ಇನ್ನೊಂದು ಬದಿ ಏಣು. ಪಕ್ಕದ ಹೆಂಚಿನ ಏಣು ಇದರ ತೋಡಿನಲ್ಲಿ ಕೂರಬೇಕು. ಕೆಳಗೆ ಎರಡು ಮೂಗು, ರೀಪಿಗೆ ಸಿಕ್ಕಿಸಲು. ಮೊಳೆ ಇಲ್ಲ, ಗಾರೆ ಇಲ್ಲ. ವರ್ಷಕ್ಕೆ ಮೂರು ಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರಲ್ಲಿ ಇಷ್ಟರ ಮೇಲೆಯೇ ಮಾಡು ನಿಲ್ಲುತ್ತಿತ್ತು. ಒಂದು ಒಡೆದರೆ ಆ ಒಂದನ್ನು ತೆಗೆದು ಇನ್ನೊಂದು ಇಟ್ಟರಾಯಿತು. ಈ ಹೆಂಚಿನ ಬಲ ಮೂಲೆಯಲ್ಲಿ, ಹಸಿ ಇರುವಾಗ ಯಾರೋ ಎತ್ತಿದ ಬೆರಳಿನ ಗುರುತು ಸುಟ್ಟು ಹಾಗೇ ಕೂತಿದೆ. ಸಣ್ಣ ಬೆರಳು. ಹೆಂಗಸಿನದೋ ಹುಡುಗನದೋ. ನನ್ನ ಹೆಬ್ಬೆರಳು ಅದರಲ್ಲಿ ಹಿಡಿಸುವುದಿಲ್ಲ.

ನಿಮ್ಮ ನಕ್ಷೆಯಲ್ಲಿ ಗೋದಾಮು ಎಂದರೆ "ಶಿಥಿಲ ಕಟ್ಟಡ". ಆ ಗೋದಾಮಿಗೆ ದಪ್ಪ ಕೆಂಪುಕಲ್ಲಿನ ಗೋಡೆ, ಎತ್ತರದ ಮಾಡು, ಮಾಡಿನ ಕೆಳಗೆ ಗಾಳಿಯಾಡಲು ಜಾಗ. ಒಳಗೆ ಮುಡಿ ಅಕ್ಕಿ. ಈಗಿನ ಹುಡುಗರಿಗೆ ಮುಡಿ ಎಂದರೆ ಗೊತ್ತಿಲ್ಲ: ಬೈಹುಲ್ಲಿನ ಹಗ್ಗದಿಂದ ಕುಂಬಳಕಾಯಿಯ ಹಾಗೆ ದುಂಡಗೆ ಬಿಗಿದು ಕಟ್ಟಿದ ಅಕ್ಕಿ, 42 ಸೇರು. ಚೆನ್ನಾಗಿ ಕಟ್ಟಿದ ಮುಡಿಗೆ ಮಳೆಗಾಲದಲ್ಲೂ ಹುಳ ಹಿಡಿಯುತ್ತಿರಲಿಲ್ಲ. ಗೋವಾದ ಪೋರ್ಚುಗೀಸರು ಹೊಟ್ಟೆ ತುಂಬಿಸಿಕೊಂಡದ್ದು ಈ ಕರಾವಳಿಯ ಅಕ್ಕಿಯಿಂದ.

ತೇವವನ್ನೇ ಮಾರಿದ ಊರು ಇದು. ಹಾಯಿ ಹಡಗಿನ ಕಾಲದಲ್ಲಿ ಕಾಫಿ ಯುರೋಪು ತಲುಪಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು, ಕಡಲ ತೇವ ಕುಡಿದು ಬೀಜ ಉಬ್ಬಿ ಹಳದಿಯಾಗುತ್ತಿತ್ತು. ಅಲ್ಲಿಯವರಿಗೆ ಆ ರುಚಿಯೇ ಹಿಡಿಸಿತು. ಉಗಿ ಹಡಗು ಬಂದು ದಾರಿ ಚಿಕ್ಕದಾದಾಗ ಹಸಿರು ಬೀಜ ಹಸಿರಾಗಿಯೇ ತಲುಪಿತು, ಗಿರಾಕಿಗಳು ಗೊಣಗಿದರು. ಆಗ ಇಲ್ಲಿಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಫಿ ಬೀಜವನ್ನು ಗೋದಾಮಿನಲ್ಲಿ ಹರವಿ, ಬಾಗಿಲು ತೆರೆದಿಟ್ಟು, ಮಳೆಗಾಳಿಗೆ ಒಡ್ಡಿ, ಆಗಾಗ ಕೆದಕಿ, ಹಡಗಿನಲ್ಲಿ ಆಗುತ್ತಿದ್ದದ್ದನ್ನು ನೆಲದ ಮೇಲೆಯೇ ಮಾಡಿದರು. ಮಾನ್ಸೂನ್ಡ್ ಮಲಬಾರ್ ಎಂದು ಅದಕ್ಕೆ ಇಂದು ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಗಾಜು ಹಾಕಿ ಏಸಿ ಕೂರಿಸಿದ ಕಟ್ಟಡದಲ್ಲಿ ಈ ಕೆಲಸ ಆಗುವುದಿಲ್ಲ.

ಬಂದರು ಸತ್ತಿದೆ, ಅದಕ್ಕೇ ಈ ಯೋಜನೆ ಎಂದು ಕೆಲವರು ಹೇಳುತ್ತಾರೆ. 1974ರ ಮೇ 4ರಂದು ಪಣಂಬೂರಿನ ಹೊಸ ಬಂದರು ದೇಶದ ಒಂಬತ್ತನೇ ಪ್ರಮುಖ ಬಂದರಾಯಿತು. ಅದು ನೆಲ ಅಗೆದು ಕಡಲನ್ನು ಒಳಗೆ ಕರೆಸಿಕೊಂಡ ಬಂದರು. ಅದಕ್ಕಾಗಿ ಅಲ್ಲಿಯ ಊರವರು ಮನೆ ಬಿಟ್ಟರು. ಕುದುರೆಮುಖದ ಅದಿರು 67 ಕಿಲೋಮೀಟರ್ ಕೊಳವೆಯಲ್ಲಿ ಕೆಸರಾಗಿ ಇಳಿದು ಬಂತು, 2005ರ ಕೊನೆಗೆ ಆ ಗಣಿಗಾರಿಕೆ ನಿಂತೂ ಹೋಯಿತು. ದೊಡ್ಡ ಹಡಗುಗಳೆಲ್ಲ ಪಣಂಬೂರಿನ ಪಾಲಾದದ್ದು ನಿಜ. ಮೊದಲೂ ಅವು ಹಳೇ ಬಂದರಿನ ಒಳಗೆ ಬರುತ್ತಿರಲಿಲ್ಲ. ಅಳಿವೆಯಲ್ಲಿ ಮರಳು, ಆಳ ಸಾಲದು, ಹೊರಗೆ ಲಂಗರು ಹಾಕಿದರೆ ಮಚವೆ ಎಂಬ ದೋಣಿಗಳಲ್ಲಿ ಮಾಲು ಸಾಗಿಸಬೇಕಿತ್ತು.

ಸತ್ತಿದೆ ಎನ್ನುವವರು ಅಕ್ಟೋಬರಿನ ಒಂದು ಬೆಳಿಗ್ಗೆ ಬಂದು ಲಕ್ಷದ್ವೀಪದ ಮಂಜಿ, ಅಂದರೆ ಸರಕಿನ ದೋಣಿ, ತುಂಬಿಸುವುದನ್ನು ನೋಡಲಿ. ದಡದಿಂದ ದೋಣಿಗೆ ಒಂದು ಹಲಗೆ. ಅದು ಪ್ರತಿ ಹೆಜ್ಜೆಗೂ ಬಾಗುತ್ತದೆ. ತಲೆಯ ಮೇಲೆ ಸಿಮೆಂಟಿನ ಚೀಲ ಹೊತ್ತ ಹಮಾಲಿ ಆ ಬಾಗುವಿಕೆಯ ತಾಳ ಹಿಡಿದೇ ಓಡುತ್ತಾನೆ, ತಾಳ ತಪ್ಪಿದರೆ ನೀರು. ಒಳಗೊಬ್ಬ "ಒಂಜಿ, ರಡ್ಡ್, ಮೂಜಿ" ಎಂದು ತುಳುವಿನಲ್ಲಿ ಎಣಿಸುತ್ತಾನೆ. ದೋಣಿ ನಡೆಸುವ ತಂಡೇಲ ಮಲಯಾಳದಲ್ಲಿ ಬೈಯುತ್ತಾನೆ. ಗುಮಾಸ್ತ ಕನ್ನಡದಲ್ಲಿ ಬರೆದುಕೊಳ್ಳುತ್ತಾನೆ. ಜಲ್ಲಿ, ಇಟ್ಟಿಗೆ, ಅಕ್ಕಿ, ಈರುಳ್ಳಿ, ಬಾಳೆಗೊನೆ, ಕೊನೆಗೆ ಎಲ್ಲದರ ಮೇಲೆ ಯಾರದೋ ಮನೆಗೆ ಹೊರಟ ಒಂದು ಕಪಾಟು. ಈ ನಂಟು ನಿನ್ನೆ ಮೊನ್ನೆಯದಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು ಟಿಪ್ಪುವಿನ ಕಾಲದಲ್ಲಿ ಮಂಗಳೂರಿನ ಕೈಗೆ ಬಂದು, ಆಮೇಲೆ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವು. ಅಲ್ಲಿಯವರ ತೆಂಗಿನ ನಾರನ್ನು ಸರ್ಕಾರ ಇಲ್ಲಿ ಕೊಂಡು ಬದಲಿಗೆ ಅಕ್ಕಿ ಕೊಡುತ್ತಿತ್ತು. ನಾರು ನಿಂತಿದೆ. ಅಕ್ಕಿ ಇನ್ನೂ ಹೋಗುತ್ತಿದೆ.

ಆಚೆ ಮೀನಿನ ಧಕ್ಕೆ. ಆಗಸ್ಟ್ 1ಕ್ಕೆ ಎರಡು ತಿಂಗಳ ರಜೆ ಮುಗಿದು ಬೋಟುಗಳು ಹೊರಟು, ಮರಳಿದ ಮೊದಲ ದಿನದ ಗದ್ದಲವನ್ನು ಬರೆದು ಹೇಳಲು ನನ್ನಿಂದಾಗದು. ಬಂಗುಡೆ, ಬೂತಾಯಿಯ ರಾಶಿ, ಮಂಜುಗಡ್ಡೆ ಪುಡಿ ಮಾಡುವ ಯಂತ್ರ, ಬುಟ್ಟಿ ಹಿಡಿದ ಹೆಂಗಸರು. ಆ ಹೆಂಗಸರ ಬಾಯಿಗೆ ನಿಂತು ಗೆದ್ದ ಏಲಂಕಾರನನ್ನು ನಾನು ಕಂಡಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ: ಬಂದರನ್ನು ನೋಡುವ ಜಾಗ ಮಾಡಲು ಹೋಗಿ ದುಡಿಯುವ ಜಾಗವನ್ನು ಕಿತ್ತುಕೊಳ್ಳಬೇಡಿ. ದೀಪದ ಕಂಬದ ದುಡ್ಡಿನಲ್ಲಿ ಸ್ವಲ್ಪವನ್ನು ಅಳಿವೆ ಬಾಗಿಲಿನ ಮರಳಿಗೆ ಹಾಕಿ; ಅಲ್ಲಿ ಅಲೆಗೆ ಸಿಕ್ಕಿ ಮಗುಚಿದ ಬೋಟುಗಳ ಮನೆಯವರು ಬೆಂಚು ಕೇಳಿಲ್ಲ, ಹೂಳೆತ್ತಿ ಎಂದು ಕೇಳಿದ್ದಾರೆ. ಹಮಾಲಿಗಳಿಗೆ ನೆರಳು, ಮೀನಿನ ಹೆಂಗಸರಿಗೆ ಬಾಗಿಲಿರುವ ಶೌಚಾಲಯ ನಿಮ್ಮ ಚಿತ್ರದಲ್ಲಿ ಮೊದಲು ಬರಲಿ. ಗೋದಾಮು ಕೆಡವಲೇಬೇಕಾದರೆ ಅಳತೆ ತೆಗೆದು, ಚಿತ್ರ ತೆಗೆದು, ಹೆಂಚು ಇಳಿಸಿ ಆಮೇಲೆ ಕೆಡವಿ. ಗಟ್ಟಿ ಇರುವ ಒಂದನ್ನಾದರೂ ಉಳಿಸಿ ಅದರಲ್ಲಿ ಮಂಡಿಗಳ ಖಾತೆ ಪುಸ್ತಕ, ತಕ್ಕಡಿ, ಕಳಸಿಗೆ, ಸೇರುಗಳನ್ನು ಇಡಿ. ಮುದುಕರಾದ ತಂಡೇಲರು ಇನ್ನೂ ಕೆಲವರಿದ್ದಾರೆ, ನಕ್ಷತ್ರ ನೋಡಿ ಮಂಜಿ ನಡೆಸಿದವರು. ಅವರ ಮಾತನ್ನು ಯಾರಾದರೂ ಧ್ವನಿಮುದ್ರಿಸಿಕೊಳ್ಳಲಿ, ಬೇಗ. ಫಲಕ ಹಾಕುವುದಾದರೆ ಅಲ್ಲಿ ಕೇಳುವ ಭಾಷೆಗಳಲ್ಲೆಲ್ಲ ಹಾಕಿ. ಜಾಗ ಸಾಲದಿದ್ದರೆ ಫಲಕ ದೊಡ್ಡದು ಮಾಡಿ.

ನಕ್ಷೆ ಅಂತಿಮವಾಗುವ ಮೊದಲು ಒಮ್ಮೆ ಬನ್ನಿ. ಬೆಳಿಗ್ಗೆ ಆರಕ್ಕೆ ಮೊದಲು. ಒಳ್ಳೆಯ ಶೂ ಬೇಡ, ನೆಲದ ತುಂಬ ಮೀನಿನ ನೀರಿರುತ್ತದೆ. ಧಕ್ಕೆಯ ಬಾಗಿಲಿನ ಹತ್ತಿರದ ಚಹಾದ ಅಂಗಡಿಯಲ್ಲಿ ನಾನು ಇರುತ್ತೇನೆ. ಮಂಡಿ ಮುಚ್ಚುವಾಗ ಧಣಿಗಳು ರದ್ದಿಗೆ ಹಾಕಿ ಎಂದ ಹನ್ನೊಂದು ಖಾತೆ ಪುಸ್ತಕಗಳು ನನ್ನ ಅಟ್ಟದಲ್ಲಿವೆ, ಹೆಂಚು ಜಗಲಿಯಲ್ಲಿದೆ. ಇಡಲು ಒಂದು ಜಾಗ ಮಾಡಿದಿರಾದರೆ ಎರಡನ್ನೂ ಕೊಡುತ್ತೇನೆ. ರಶೀದಿ ಮಾತ್ರ ಬೇಕು, ಅದು ಹಳೇ ಅಭ್ಯಾಸ.

ಇತಿ,
ಹಳೇ ಬಂದರಿನ ಒಬ್ಬ ಗುಮಾಸ್ತ
ಮಂಗಳೂರು